ಅಣ್ಣನಿಗೆ ಕಾಣದ ನನ್ನ ಕೈ

ಶರಣ ಬಂಧುಗಳೇ, ಕಣ್ಣು ತೋರಿಸಲು ಹೋದವರು ನಮ್ಮ ಮನೆಯವರು. ರೋಗದ ಸಂಶಯವಿದೆ ಎಂದು ಚೀಟಿ ಬರೆಸಿಕೊಂಡು ಬಂದವಳು ನಾನು. ಎಪ್ಪತ್ತೇಳನೆಯ ಇಸವಿ, ಸಂಕ್ರಮಣ ಕಳೆದಿತ್ತು, ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಆ ದಿನದಿಂದ ಬಸವ ಜಯಂತಿಯವರೆಗೆ ನಾನು ಉಂಡ ಅಂಜಿಕೆಯನ್ನೂ, ಅದರೊಳಗೇ ಬಸವಣ್ಣ ನನ್ನನ್ನು ನಡೆಸಿಕೊಂಡು ಹೋದ ರೀತಿಯನ್ನೂ ನಿಮ್ಮ ಮುಂದೆ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನನಗೆ ಬರೆದು ರೂಢಿಯಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಕಲಿತವಳು. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ನಮ್ಮದು ಸಿಂದಗಿ. ಬಜಾರಿನಲ್ಲಿ ನಮ್ಮ ಮನೆಯವರ ಟೇಲರ್ ಅಂಗಡಿ ಇದೆ. ಅವರು ಬಟ್ಟೆ ಕತ್ತರಿಸಿ ಮಷೀನಿನ ಮೇಲೆ ಹೊಲಿಯುತ್ತಾರೆ. ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಿಚಿ ಕೈಹೊಲಿಗೆ ಹಾಕುವುದು ನನ್ನ ಕೆಲಸ. ಮದುವೆಯಾಗಿ ಬಂದಾಗಿನಿಂದ ಮಾಡುತ್ತ ಬಂದಿದ್ದೇನೆ. ಮಗಳನ್ನು ಇಂಡಿಗೆ ಕೊಟ್ಟ ಮೇಲೆ ಮನೆಯಲ್ಲಿ ನಾವಿಬ್ಬರೇ.

ಆ ವರ್ಷ ಅವರಿಗೆ ಸೂಜಿ ಪೋಣಿಸಲು ಆಗದಂತಾಯಿತು. ಸೂಜಿಯನ್ನು ಮೊಳದುದ್ದ ದೂರ ಹಿಡಿದು, ದಾರದ ತುದಿಯನ್ನು ಮತ್ತೆ ಮತ್ತೆ ಬಾಯಿಗಿಟ್ಟು ಒದ್ದೆ ಮಾಡಿ, ಕಡೆಗೆ ಸಿಟ್ಟಿಗೆದ್ದು ನನ್ನ ಕೈಗೆ ಕೊಡುತ್ತಿದ್ದರು. "ಕಣ್ಣು ಹೋದುವು, ಇನ್ನ ಅಂಗಡಿಗೆ ಕೀಲಿ ಹಾಕೂದಷ್ಟ ಉಳದೈತಿ" ಎಂದು ಮುಖ ಸಣ್ಣದು ಮಾಡಿಕೊಂಡು ಕೂಡುತ್ತಿದ್ದರು. ಅಷ್ಟರಲ್ಲಿ ಊರಿನ ಸಾಲೆಯಲ್ಲಿ ಕಣ್ಣಿನ ಕ್ಯಾಂಪ್ ಆಗುತ್ತದೆಂದು ಟಾಂಗಾದಲ್ಲಿ ಮೈಕಿನ ಕರ್ಣೆ ಕಟ್ಟಿಕೊಂಡು ಸಾರುತ್ತ ಹೋದರು. ನಾನು ಅವರನ್ನು ಎಳೆದುಕೊಂಡೇ ಹೋದೆ ಎಂದರೂ ನಡೆದೀತು.

ಸೊಲ್ಲಾಪುರದಿಂದ ಬಂದಿದ್ದ ಡಾಕ್ಟರು ವಯಸ್ಸಾದವರು. ಕನ್ನಡವನ್ನು ನಮ್ಮಂತೆಯೇ ಮಾತಾಡುತ್ತಿದ್ದರು. ನಲವತ್ತು ದಾಟಿದವರಿಗೆಲ್ಲ ಕಣ್ಣಿನ ಒತ್ತಡ ಅಳೆಯುತ್ತಿದ್ದರು. ಒಂದು ಬೆಂಚಿನ ಮೇಲೆ ಅಂಗಾತ ಮಲಗಿಸಿ, ಕಣ್ಣಿಗೆ ಮರಗಟ್ಟಿಸುವ ಔಷಧಿಯ ಹನಿ ಬಿಟ್ಟು, ಕಣ್ಣುಗುಡ್ಡೆಯ ಮೇಲೆ ಒಂದು ಸಣ್ಣ ಉಕ್ಕಿನ ಸಾಮಾನು ನಿಲ್ಲಿಸುತ್ತಿದ್ದರು. ಅದರ ತಲೆಯ ಮೇಲೆ ಗಡಿಯಾರದಂತೆ ಒಂದು ಮುಳ್ಳು. ನಮ್ಮ ಮನೆಯವರು ಅದನ್ನು ಸಾಲಿನಲ್ಲಿ ನಿಂತೇ ನೋಡಿದರು.

"ಕಣ್ಣಿನ ಮ್ಯಾಲೆ ಕಬ್ಬಿಣ ಇಡತಾರಲೇ! ನಾ ಒಲ್ಲೆ. ನಡಿ ಮನಿಗೆ."

"ಏನೂ ಆಗಂಗಿಲ್ರಿ. ಅಷ್ಟೂ ಮಂದಿ ಎದ್ದು ನಡಕೋತ ಹೊಂಟಾರ."

"ಅವರ ಕಣ್ಣು ಅವರಿಗೆ. ನನ್ನ ಕಣ್ಣು ನನಗ."

ನಮ್ಮ ಪಾಳಿ ಬಂದಾಗ ಅವರು ಹಿಂದೆ ಸರಿದು ನಿಂತುಬಿಟ್ಟರು. ಹಿಂದಿನವರು ಗಡಿಬಿಡಿ ಮಾಡತೊಡಗಿದರು. ನನಗೆ ನಾಚಿಕೆಯಾಯಿತು. ಸೆರಗು ಸರಿ ಮಾಡಿಕೊಂಡು ನಾನೇ ಬೆಂಚಿನ ಮೇಲೆ ಮಲಗಿದೆ. "ಮೊದಲ ನನಗ ಹಚ್ಚರಿ ಡಾಕ್ಟರ್, ನಮ್ಮ ಮನಿಯವರು ನೋಡಲಿ. ಆ ಮ್ಯಾಲೆ ಅವರು ಮಲಗತಾರ" ಎಂದೆ. ಡಾಕ್ಟರು ನಕ್ಕರು. ಸುತ್ತಲಿದ್ದವರೂ ನಕ್ಕರು. ನಾನೂ ನಗುತ್ತಲೇ ಮಲಗಿದ್ದೆ.

ಹನಿ ಬಿಟ್ಟಾಗ ಚುರ್ರೆಂದು ಉರಿಯಿತು, ಆಮೇಲೆ ಕಣ್ಣು ನನ್ನದಲ್ಲ ಎಂಬಂತಾಯಿತು. ಮೇಲೆ ಹಂಚಿನ ಸಂದಿಯಲ್ಲಿ ಬೆಳಕು ಬರುತ್ತಿದ್ದ ಕಡೆ ನೋಡಲು ಹೇಳಿದರು. ಉಕ್ಕು ತಾಗಿದ್ದೂ ತಿಳಿಯಲಿಲ್ಲ. ತೆಗೆದರು ಎಂದುಕೊಳ್ಳುವಷ್ಟರಲ್ಲಿ ಮತ್ತೊಮ್ಮೆ ಇಟ್ಟರು. "ಉಸರ ಹಿಡೀಬ್ಯಾಡ್ರಿ ತಾಯೀ. ಕಣ್ಣು ಬಿಗೀಬ್ಯಾಡ್ರಿ, ಹಗೂರ ಬಿಡ್ರಿ. ಬಿಗಿದ್ರ ಮುಳ್ಳು ಸುಳ್ಳು ಹೇಳತೈತಿ" ಎಂದರು. ನಾನು ಉಸಿರು ಬಿಟ್ಟೆ. ಮತ್ತೊಂದು ಕಣ್ಣಿಗೆ ಇಟ್ಟರು. ತಿರುಗಿ ಮೊದಲಿನದಕ್ಕೆ ಇಟ್ಟರು. ಮಗ್ಗುಲಲ್ಲಿದ್ದ ರಟ್ಟಿನ ಮೇಲಿನ ಅಂಕಿಗಳನ್ನು ನೋಡಿದರು. ಅವರ ನಗು ಆಗಲೇ ಹೋಗಿತ್ತು.

"ನಿಮ್ಮ ಕಣ್ಣಿನ್ಯಾಗ ಒತ್ತಡ ಜಾಸ್ತಿ ಐತಿ. ಇಪ್ಪತ್ತೊಂದರ ತನಕ ನಡೀತೈತಿ. ನಿಮ್ಮದು ಇಪ್ಪತ್ತೆಂಟು ಬರಾಕತ್ತೈತಿ."

"ನನಗ ಏನೂ ಬ್ಯಾನಿ ಇಲ್ರೀ. ಎಲ್ಲಾ ಛಲೋ ಕಾಣಸ್ತೈತಿ."

"ಬ್ಯಾನಿ ಬರಂಗಿಲ್ಲ, ಅದಕ್ಕ ಅಳೀತೇವಿ. ಮನ್ಯಾಗ ಯಾರಿಗಾದ್ರೂ ಕಾಚಬಿಂದು ಆಗಿತ್ತೇನು?"

ಆ ಹೆಸರನ್ನು ನಾನು ಕೇಳಿರಲಿಲ್ಲ. ಕಣ್ಣಿನ ರೋಗವೆಂದರೆ ನಮಗೆ ಗೊತ್ತಿದ್ದದ್ದು ಕಣ್ಣಿಗೆ ಪೊರೆ ಬರುವ ಮೋತಿಬಿಂದು ಒಂದೇ. "ಅದೇನೋ ಗೊತ್ತಿಲ್ರಿ. ನಮ್ಮವ್ವನ ಕಣ್ಣು ಹೋಗಿದ್ದುವು" ಎಂದೆ. ಡಾಕ್ಟರು ಮತ್ತೇನೂ ಕೇಳಲಿಲ್ಲ. ಬೆನ್ನ ಹಿಂದೆ ಇಡೀ ಸಾಲು ಕಾಯುತ್ತಿತ್ತು. ಚೀಟಿ ಬರೆದು, "ಸೊಲ್ಲಾಪುರಕ್ಕ ಬರ್ರಿ. ಎರಡು ದಿನ ಇರೂ ಹಂಗ ಬರ್ರಿ. ತಡಾ ಮಾಡಬ್ಯಾಡ್ರಿ" ಎಂದರು.

ನಮ್ಮ ಮನೆಯವರು ಚಕಾರ ಎತ್ತದೆ ಹೋಗಿ ಬೆಂಚಿನ ಮೇಲೆ ಮಲಗಿಕೊಂಡರು. ಅವರ ಒತ್ತಡ ಸರಿಯಾಗಿತ್ತು. ವಯಸ್ಸಿನ ಚಷ್ಮಾ ಒಂದು ಸಾಕು ಎಂದರು.

ಮನೆಗೆ ಬಂದ ಮೇಲೆ ಅಂಜಿಕೆ ಸುರುವಾಯಿತು. ನಮ್ಮವ್ವನನ್ನು ಕೈಹಿಡಿದು ನಡೆಸಿದವಳು ನಾನೇ. ನಾನು ಸಾಲೆಗೆ ಹೋಗುವಾಗ ಆಕೆಗೆ ಮಂಜು ಮಂಜು ಕಾಣುತ್ತಿತ್ತು. ನನಗೆ ಮದುವೆಯ ವಯಸ್ಸು ಬರುವಷ್ಟರಲ್ಲಿ ಬೆಳಕೂ ಹೋಗಿತ್ತು. ಅಂಗೈ ಮೇಲೆ ಲಿಂಗವಿಟ್ಟುಕೊಂಡು, ಕಾಣದೆ, ಬೆರಳಿನಿಂದ ಸವರಿ ನೋಡಿ, "ಹೂವು ಸರಿಯಾಗಿ ಕುಂತೈತೇನವಾ?" ಎಂದು ನನ್ನನ್ನು ಕೇಳುತ್ತಿದ್ದಳು. ಮಂದಿ ಅದಕ್ಕೆ ಹಿಂದಿನ ಜನ್ಮದ ಪಾಪ ಎಂದರು, ಹೊಲದ ನಾಗಪ್ಪನ ಶಾಪ ಎಂದರು. ಅವ್ವ ಆ ಮಾತುಗಳನ್ನೆಲ್ಲ ನಂಬಿ ತನ್ನನ್ನೇ ಬೈದುಕೊಳ್ಳುತ್ತ ತೀರಿಕೊಂಡಳು. ಈಗ ಅದೇ ನನ್ನ ಬಾಗಿಲಿಗೂ ಬಂತೇ?

ದಿನ ಬೆಳಗಾದರೆ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಅಂಕಿ ಓದುತ್ತಿದ್ದೆ. ಮತ್ತೊಂದು ಮುಚ್ಚಿ ಓದುತ್ತಿದ್ದೆ. ಎಲ್ಲ ಕಾಣುತ್ತಿತ್ತು. ಕಂಡರೂ ಸಮಾಧಾನವಿಲ್ಲ. ರೆಪ್ಪೆಯ ಮೇಲೆ ಬೆರಳಿಟ್ಟು ಒತ್ತಿ, ಗಟ್ಟಿಯಾಗಿದೆಯೋ ಮೆತ್ತಗಿದೆಯೋ ಎಂದು ನೋಡುತ್ತಿದ್ದೆ. ನಮ್ಮ ಮನೆಯವರ ಕಣ್ಣನ್ನೂ ಒತ್ತಿ ನೋಡಿ ಬೈಸಿಕೊಂಡೆ. ಮಗ್ಗುಲ ಮನೆಯಾಕೆ ಜೇನುತುಪ್ಪ ಹಾಕು ಎಂದಳು, ಮತ್ತೊಬ್ಬಳು ಉಳ್ಳಾಗಡ್ಡಿ ರಸ ಎಂದಳು. ಯಾವುದನ್ನೂ ಹಾಕುವ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಿಂದ ತಂದ ಅಂಗಿ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿಕೊಂಡು ಕಾಜಾ ಮಾಡಲು ಬರುತ್ತದೆಯೋ ನೋಡೋಣ ಎಂದು ಕುಳಿತೆ. ಬೆರಳಿಗೆ ರೂಢಿಯಿದ್ದ ಕೆಲಸ, ಬಂದೀತು ಅನ್ನಿಸಿತ್ತು. ಸೂಜಿ ಬೆರಳಿಗೆ ಚುಚ್ಚಿತು. ಮತ್ತೆ ಚುಚ್ಚಿತು. ಬಿಡಲಿಲ್ಲ ನಾನು. ಕಣ್ಣು ತೆರೆದಾಗ ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಊಟಕ್ಕೆ ಬಂದವರು ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. ಅಂಗಿಯ ಮೇಲೆ ರಕ್ತದ ಕಲೆ. ಗಿರಾಕಿಯ ಅಂಗಿ ಹಾಳಾಯಿತೆಂದು ಬೈಯುತ್ತಾರೆ ಎಂದುಕೊಂಡೆ. ಅವರು ಬಂದು ಮಗ್ಗುಲಲ್ಲಿ ಕುಳಿತು ಸೂಜಿಯನ್ನು ಕೈಯಿಂದ ತೆಗೆದುಕೊಂಡರು.

"ಕುರುಡಿ ಆಗೂದು ಕಲ್ಯಾಕತ್ತೀಯೇನು?"

ನನಗೆ ಅಳು ಬಂತು.

"ಕಲೀಬ್ಯಾಡ. ನಾಳಿಗೇ ಹೋಗೂಣು ಸೊಲ್ಲಾಪುರಕ್ಕ. ಅಂಗಡಿ ಮುಚ್ಚತೇನಿ."

ಮರುದಿನ ಬೆಳಗ್ಗೆ ಲಿಂಗಪೂಜೆಗೆ ಕುಳಿತಾಗ, ಅಂಗೈಯಲ್ಲಿನ ಲಿಂಗದ ಮೇಲೆ ದೃಷ್ಟಿ ಇಟ್ಟು ನಾನು ಬೇಡಿಕೊಂಡದ್ದು ಒಂದೇ. ಅಪ್ಪಾ ಬಸವಣ್ಣ, ನಿನ್ನನ್ನು ನೋಡುವ ಈ ಕಣ್ಣು ನನಗೆ ಉಳಿಸಿಕೊಡು. ಬೇರೆ ಮಾತು ಬರಲಿಲ್ಲ. ಬೇರೆ ಯಾರ ನೆನಪೂ ಆಗಲಿಲ್ಲ.

ಸಿಂದಗಿಯಿಂದ ಇಂಡಿಗೆ ಬಸ್ಸು, ಇಂಡಿಯಿಂದ ಸ್ಟೇಷನ್ನಿಗೆ ಟಾಂಗಾ, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಕಿಡಕಿಯ ಕಡೆ ಕುಳಿತು ಜೋಳದ ಹೊಲ, ಬೇವಿನ ಗಿಡ, ಕುರಿಯ ಹಿಂಡು, ಕಂಡದ್ದನ್ನೆಲ್ಲ ನೋಡಿದೆ. ಇನ್ನು ಕಾಣುವುದಿಲ್ಲವೇನೋ ಎಂಬಂತೆ ನೋಡಿದೆ. ನಮ್ಮ ಮನೆಯವರು ತಮ್ಮ ಹೊಸ ಚಷ್ಮಾ ಹಾಕಿಕೊಂಡು ಒಂದು ಹಳೆಯ ಪೇಪರ್ ಓದುತ್ತಿದ್ದರು. ನಾನು ನೋಡಿದ ಕೂಡಲೇ ಚಷ್ಮಾ ತೆಗೆದು ಕಿಸೆಗೆ ಇಟ್ಟುಕೊಂಡರು.

ಆಸ್ಪತ್ರೆಯಲ್ಲಿ ಮಾಡಿದ ಪರೀಕ್ಷೆಗಳನ್ನು ನಿಮಗೆ ಹೇಳಲೇಬೇಕು, ಯಾಕೆಂದರೆ ನನ್ನಂತೆ ನಿಮ್ಮಲ್ಲೂ ಯಾರಾದರೂ ಅಂಜಿ ಕೂತಿರಬಹುದು. ಯಾವುದೂ ನೋಯಿಸುವಂಥದ್ದಲ್ಲ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಅದೇ ಮುಳ್ಳಿನ ಸಾಮಾನಿನಿಂದ ಅಳೆದರು. ಕಣ್ಣಿನ ಒತ್ತಡ ಹೊತ್ತಿಗೊಂದು ರೀತಿ ಇರುತ್ತದಂತೆ, ಒಂದೇ ಸಲ ಅಳೆದು ಮಾತು ಮುಗಿಸುವ ಹಾಗಿಲ್ಲವಂತೆ. ಮರುದಿನ ಬರಿಹೊಟ್ಟೆಯಲ್ಲಿ ತಂಬಿಗೆ ನೀರು ಕುಡಿಸಿ ಮತ್ತೆ ಅಳೆದರು. ಕತ್ತಲೆಯ ಕೋಣೆಯಲ್ಲಿ ಕೂಡಿಸಿ, ಸಣ್ಣ ಬೆಳಕನ್ನು ಕಣ್ಣಿನೊಳಗೆ ಬಿಟ್ಟು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಒಳಗಿನ ನರ ನೋಡಿದರು. ಗೋಡೆಗೆ ಕಪ್ಪು ಬಟ್ಟೆ ಕಟ್ಟಿ, ನಡುವೆ ಒಂದು ಗುರುತು ಮಾಡಿ, ಅದನ್ನೇ ನೋಡುತ್ತಿರಲು ಹೇಳಿ, ಕಡ್ಡಿಯ ತುದಿಯ ಬಿಳಿ ಬೊಟ್ಟನ್ನು ಅಂಚಿನಿಂದ ಒಳಗೆ ತಂದರು. ಬೊಟ್ಟು ಕಂಡಾಗ ಹೇಳಬೇಕು, ಮರೆಯಾದಾಗ ಹೇಳಬೇಕು. ಇದಕ್ಕೂ ಮೊದಲು ಡಾಕ್ಟರು ನನ್ನ ಎದುರಿಗೆ ಮೊಳಕಾಲಿಗೆ ಮೊಳಕಾಲು ಕೂಡಿಸಿ ಕುಳಿತು, "ನನ್ನ ಮೂಗು ನೋಡ್ರಿ, ಕಣ್ಣು ತಿರಗಸಬ್ಯಾಡ್ರಿ" ಎಂದು, ಬೆರಳಾಡಿಸುತ್ತ ಮಗ್ಗುಲಿನಿಂದ ಕೈ ತಂದಿದ್ದರು. ಕೈ ನನ್ನ ಕಿವಿಯ ಹತ್ತಿರ ಇರುವಾಗಲೇ ನನಗೆ ಕಂಡಿತ್ತು.

ಕಪ್ಪು ಬಟ್ಟೆಯ ಮುಂದೆ ನನಗೆ ಬಹಳ ಹೆದರಿಕೆಯಾಯಿತು. ಒಂದು ಕಡೆ ಬೊಟ್ಟು ಥಟ್ಟನೆ ಮಾಯವಾಯಿತು. "ಹೋತ್ರೀ!" ಎಂದು ಕೂಗಿಬಿಟ್ಟೆ. ಮತ್ತೆ ಬಂತು. ಎರಡನೆಯ ಕಣ್ಣಿಗೂ ಹಾಗೆಯೇ ಆಯಿತು. ಹೊರಗೆ ಬಂದು ನಮ್ಮ ಮನೆಯವರಿಗೆ, "ಎರಡರಾಗೂ ತೂತು ಬಿದ್ದೈತ್ರಿ" ಎಂದೆ. ಡಾಕ್ಟರು ಕರೆಯುವ ತನಕ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕುಳಿತಿದ್ದೆವು. ಸೆರಗಿನ ಮರೆಯಲ್ಲಿ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ.

"ತೂತು ಎಲ್ಲಾರಿಗೂ ಇರತೈತಿ" ಎಂದರು ಡಾಕ್ಟರು, ನಾನು ಕೇಳಿದ ಮೇಲೆ. "ನರ ಕಣ್ಣಿನೊಳಗ ಬರೂ ಜಾಗಾ ಅದು. ನನಗೂ ಐತಿ, ನಿಮ್ಮ ಯಜಮಾನರಿಗೂ ಐತಿ. ಅಂಜಬ್ಯಾಡ್ರಿ."

ಆಮೇಲೆ ಅವರು ನಿಧಾನವಾಗಿ ತಿಳಿಸಿ ಹೇಳಿದರು. ಕಣ್ಣಿನೊಳಗೆ ನೀರು ಹುಟ್ಟುತ್ತಿರುತ್ತದೆ, ಹರಿದು ಹೋಗುತ್ತಿರುತ್ತದೆ. ಹೋಗುವ ದಾರಿ ಬಿಗಿಯಾದರೆ ಒತ್ತಡ ಏರುತ್ತದೆ. ಏರಿದ ಒತ್ತಡ ಹಿಂದಿನ ನರವನ್ನು ತಿನ್ನತೊಡಗಿದರೆ ಅದು ಕಾಚಬಿಂದು. ಅಂಚಿನಿಂದ ಕಾಣುವುದು ಕಡಿಮೆಯಾಗುತ್ತ ಬರುತ್ತದೆ. ನಡುವಿನದು ಕಟ್ಟಕಡೆಗೆ ಹೋಗುತ್ತದೆ. ಅದಕ್ಕೇ ರೋಗಿಗೆ ಗೊತ್ತಾಗುವುದಿಲ್ಲ.

"ಒತ್ತಡ ಏರಿದ್ದೆಲ್ಲಾ ಕಾಚಬಿಂದು ಅಲ್ಲ ತಾಯೀ. ನಿಮ್ಮ ನರ ಛಲೋ ಐತಿ, ಅಂಚೂ ಪೂರಾ ಕಾಣಸ್ತೈತಿ. ಈಗ ಔಷಧ ಬ್ಯಾಡ. ಆದ್ರ ಕೆಲವು ತಿಂಗಳಿಗೊಮ್ಮೆ ಬಂದು ಅಳಿಸ್ಕೊಂಡು ಹೋಗಬೇಕು. ಬಿಡಂಗಿಲ್ಲ."

ನಮ್ಮ ಮನೆಯವರು ಎದ್ದು ಡಾಕ್ಟರ ಕಾಲು ಮುಟ್ಟಲು ಹೋದರು. ನಾನು ಮನಸ್ಸಿನಲ್ಲಿ, ಬಸವಣ್ಣಾ, ಕೊಟ್ಟೆಯಪ್ಪಾ ಎಂದೆ. ಇಲ್ಲಿಗೇ ಮುಗಿದಿದ್ದರೂ ನಾನು ಈ ಅನುಭವ ಬರೆಯುತ್ತಿದ್ದೆನೇನೋ. ಆದರೆ ಡಾಕ್ಟರು ಮತ್ತೊಂದು ಮಾತು ಕೇಳಿದರು.

"ಇದು ರಕ್ತದಾಗ ಬರೂ ರೋಗ, ನಿಮ್ಮವ್ವಗ ಆಗಿದ್ದೂ ಇದ ಇರಬಹುದು. ನಿಮ್ಮ ಒಡಹುಟ್ಟಿದವರು ಯಾರ್ಯಾರು ಅದಾರ?"

"ಒಬ್ಬಾವ ಅಣ್ಣ ಅದಾನ್ರಿ, ಮುದ್ದೇಬಿಹಾಳದಾಗ."

"ಅವರ ಕಣ್ಣು ಹ್ಯಾಂಗ ಅದಾವ?"

"ಅವಗ ಬಲಗಣ್ಣಿಗೆ ಮೋತಿಬಿಂದು ಬಂದೈತ್ರಿ. ಹಣ್ಣಾಗಲಿ, ಆ ಮ್ಯಾಲೆ ತಗಸ್ತೇನಿ ಅಂತ ಕುಂತಾನ."

"ಮೋತಿಬಿಂದು ಅಂತ ಯಾರು ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ಅವನೇ ಅಂದುಕೊಂಡಿದ್ದ, ನಾವು ಹೂಂ ಅಂದಿದ್ದೆವು.

"ಇವತ್ತಿನ ಗಾಡಿಗೇ ಹೋಗಿ ಕರಕೊಂಡು ಬರ್ರಿ" ಎಂದರು ಡಾಕ್ಟರು. "ಮೋತಿಬಿಂದು ಇದ್ರ ಛಲೋನ ಆತು. ಇರದಿದ್ರ, ಅವರು ಕಾಯಾಕತ್ತಿದ್ದು ಹಣ್ಣಾಗೂದನ್ನಲ್ಲ."

ನನ್ನ ಸಂತೋಷ ಆ ಕೋಣೆಯ ಬಾಗಿಲು ದಾಟುವಷ್ಟೂ ಉಳಿಯಲಿಲ್ಲ. ನನ್ನ ಕಣ್ಣಿಗಾಗಿ ಬೇಡುತ್ತಿದ್ದಾಗ ಅಣ್ಣನ ನೆನಪೇ ಆಗಿರಲಿಲ್ಲ. ಈಗ ಅವನೇ ಕಣ್ಣ ಮುಂದೆ ಬಂದು ನಿಂತ. ಹೋದ ವರ್ಷ ಪಂಚಮಿಗೆ ತವರಿಗೆ ಹೋದಾಗ ಅವನು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡದ್ದು, ತಂಬಿಗೆ ಒದ್ದು ಬೀಳಿಸಿದ್ದು, ಅವನ ಹೆಂಡತಿ, ನಮ್ಮ ವೈನಿ, ನಕ್ಕು, "ನಿಮ್ಮಣ್ಣಗ ಕಾಲಾಗ ಕಣ್ಣಿಲ್ಲ" ಎಂದದ್ದು, ಎಲ್ಲ ಒಂದರ ಹಿಂದೊಂದು ನೆನಪಾದವು. ಆಗ ನಾನೂ ನಕ್ಕಿದ್ದೆ.

ನಮ್ಮ ಮನೆಯವರು ಅಂಗಡಿಗೆಂದು ಸಿಂದಗಿಗೆ ಮರಳಿದರು. ನಾನು ಒಬ್ಬಳೇ ರೈಲಿನಲ್ಲಿ ಬಿಜಾಪುರಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಹೊರಟೆ. ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲಿ ಇಳಿದು ಮುದ್ದೇಬಿಹಾಳದ ಬಸ್ಸು ಕಾಯಬೇಕಾಯಿತು. ಬಸ್ಸು ತಡವಿದೆ ಎಂದಾಗ ಬಸವಣ್ಣನ ಗುಡಿಗೆ ನಡೆದೆ. ಮಧ್ಯಾಹ್ನದ ಹೊತ್ತು, ಗುಡಿಯಲ್ಲಿ ಹೆಚ್ಚು ಜನರಿರಲಿಲ್ಲ. ಕಂಬಕ್ಕೆ ಒರಗಿ ಕುಳಿತೆ.

ನಮ್ಮಣ್ಣ ಗುರಪ್ಪ ಎಂಥ ಹಟದವನು ಎಂಬುದು ನನಗೆ ಗೊತ್ತು. ಅವನದೂ ಟೇಲರ್ ಕೆಲಸವೇ. ಆಸ್ಪತ್ರೆ ಎಂದರೆ, "ಗಟ್ಟಿ ಇದ್ದವರನ್ನ ರೋಗಿಷ್ಟರನ್ನ ಮಾಡತಾರ" ಎನ್ನುವವನು. ಜ್ವರ ಬಂದರೂ ಗುಳಿಗೆ ನುಂಗಿದವನಲ್ಲ. ನಾನು ಹೋಗಿ ಒತ್ತಡ, ನರ, ಅಂಕಿ ಎಂದು ಹೇಳಿದರೆ ಕೇಳುತ್ತಾನೆಯೇ? ಆಗ ನಾನು ಕಣ್ಣು ಮುಚ್ಚಿ, ಬಸವಣ್ಣಾ, ನನ್ನದು ಆಯಿತು, ಇನ್ನು ನನಗಾಗಿ ಏನೂ ಕೇಳುವುದಿಲ್ಲ, ಅಣ್ಣ ನನ್ನ ಒಂದು ಮಾತು ಕೇಳುವ ಹಾಗೆ ಮಾಡು ಎಂದೆ. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ತಿಳಿಯದು. ಎದ್ದಾಗ ಮನಸ್ಸು ಹಗುರಾಯಿತೆಂದು ಹೇಳಿದರೆ ಸುಳ್ಳಾದೀತು. ಅಂಜಿಕೆ ಹಾಗೆಯೇ ಇತ್ತು. ಆದರೆ ಕಾಲು ಮುಂದೆ ನಡೆದವು.

ಮುದ್ದೇಬಿಹಾಳ ಮುಟ್ಟಿದಾಗ ಹೊತ್ತು ಇಳಿದಿತ್ತು. ಅಣ್ಣ ಮನೆಯ ಪಡಸಾಲೆಯಲ್ಲಿ ಮಷೀನಿನ ಮುಂದೆ ಕುಳಿತಿದ್ದ. ವೈನಿ ನೀರು ತಂದುಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಅಣ್ಣ ಹೊಲಿಗೆ ನಿಲ್ಲಿಸದೆಯೇ ಕೇಳಿದ.

"ಒಂದ ಸಲ ಸೊಲ್ಲಾಪುರ ನೋಡಿ ಡಾಕ್ಟರಿಣಿ ಆಗಿ ಬಂದಿ ನೋಡು ನೀ" ಎಂದ.

"ಅಣ್ಣಾ, ಚ್ಯಾಷ್ಟಿ ಬ್ಯಾಡ. ಅವ್ವಗ ಆಗಿದ್ದು ಇದ ಇರಬಹುದು ಅಂದಾರ."

"ಅವ್ವಂದು ಅವ್ವನ ಜೋಡಿ ಹೋತು. ನನಗ ಬಲಗಣ್ಣಿಗೆ ಪರದೆ ಬಂದೈತಿ, ಅಷ್ಟ. ಎಡಗಣ್ಣು ಹ್ಯಾಂಗೈತಿ ನೋಡಬೇಕಾ? ನೋಡಿಲ್ಲೆ."

ಮಷೀನು ನಿಲ್ಲಿಸಿದ. ಸೂಜಿಪೆಟ್ಟಿಗೆಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ಆರಿಸಿ, ಚಷ್ಮಾ ಸರಿ ಮಾಡಿಕೊಂಡು, ದಾರದ ತುದಿ ಹೊಸೆದು, ಒಂದೇ ಸಲಕ್ಕೆ ಪೋಣಿಸಿ ನನ್ನ ಮುಖದ ಮುಂದೆ ಹಿಡಿದ. "ನಿನ್ನ ಗಂಡಗ ಪೋಣಿಸಾಕ ಬರತೈತೇನು? ಬರಂಗಿಲ್ಲ. ಅವನ ಕಣ್ಣು ಛಲೋ ಅಂತ, ನನ್ನವು ಕೆಟ್ಟುವಂತ!" ವೈನಿಯೂ ನಕ್ಕಳು. ಇದಕ್ಕೆ ನಾನೇನು ಹೇಳಲಿ? ಅವನು ಪೋಣಿಸಿದ್ದು ನನ್ನ ಕಣ್ಣೆದುರಿಗೇ ಇತ್ತು.

ಆಗ ಆ ಡಾಕ್ಟರು ನನ್ನ ಎದುರಿಗೆ ಕುಳಿತ ರೀತಿ ನೆನಪಾಯಿತು. ಯಾಕೆ ನೆನಪಾಯಿತು, ಹೇಗೆ ನೆನಪಾಯಿತು, ನಾನು ಹೇಳಲಾರೆ. ಆ ನೆನಪು ಬಸವಣ್ಣನೇ ಕೊಟ್ಟದ್ದೆಂದು ಇಂದಿಗೂ ನಂಬಿದ್ದೇನೆ.

"ಆತು ಬಿಡಣ್ಣಾ. ಒಂದ ಆಟ ಆಡೂಣು. ಆಡಿದ ಮ್ಯಾಲೆ ನೀ ಬ್ಯಾಡ ಅಂದ್ರ ನಾ ಬಾಯಿ ತಗಿಯಂಗಿಲ್ಲ."

ಅವನು ಹೂಂ ಅಂದ. ನಾನು ಅವನ ಮುಂದೆ ಮೊಳಕಾಲಿಗೆ ಮೊಳಕಾಲು ಕೂಡಿಸಿ ಕುಳಿತೆ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೋ ಎಂದೆ. ಮುಚ್ಚಿಕೊಂಡ. "ನನ್ನ ಮೂಗಷ್ಟ ನೋಡು. ಕಣ್ಣು ಆ ಕಡೆ ಈ ಕಡೆ ಹೊಳ್ಳಿಸಬ್ಯಾಡ. ನಾ ಮಗ್ಗಲದಿಂದ ಬೆರಳು ಆಡಿಸ್ಕೋತ ಕೈ ತರತೇನಿ. ಕಂಡ ಕೂಡಲೆ ಹೇಳು."

ಅವನ ಎಡಗಡೆಯಿಂದ ಕೈ ತಂದೆ. ನನ್ನ ಕಣ್ಣಿಗೆ ಕೈ ಆಗಲೇ ಕಾಣುತ್ತಿತ್ತು. ಅವನು ನನ್ನ ಮೂಗು ನೋಡುತ್ತಿದ್ದ, ತುಟಿಯ ಮೇಲೆ ನಗು ಇತ್ತು. ಕೈ ಅವನ ಕಿವಿಯ ನೇರಕ್ಕೆ ಬಂತು. ಅವನು ಮಾತಾಡಲಿಲ್ಲ. ಕೆನ್ನೆಯ ಹತ್ತಿರ ತಂದೆ. ಮಾತಾಡಲಿಲ್ಲ.

"ಸುರು ಮಾಡಬೇ" ಎಂದ ಅಣ್ಣ. "ಎಷ್ಟೊತ್ತು ಕುಂಡ್ರಸ್ತಿ?"

ವೈನಿಯ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬಿತ್ತು. ಆ ಸದ್ದಿಗೆ ಅಣ್ಣ ಮುಖ ತಿರುಗಿಸಿದ. ಅವನ ಮೂಗು ನನ್ನ ಬೆರಳಿಗೆ ತಾಗಿತು.

ಅವನು ನನ್ನ ಕೈಯನ್ನು ಹಿಡಿದುಕೊಂಡು, ಅದು ಇದ್ದ ಜಾಗವನ್ನೂ ತನ್ನ ಮುಖವನ್ನೂ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ. "ಇನ್ನೊಮ್ಮೆ ಮಾಡು" ಎಂದ. ಮಾಡಿದೆ. ಮೇಲಿನಿಂದ ತಂದೆ, ಕೆಳಗಿನಿಂದ ತಂದೆ. ಎತ್ತ ಕಡೆಯಿಂದ ತಂದರೂ ಮೂಗಿನ ಮುಂದೆ ಬರುವ ತನಕ ಅವನಿಗೆ ನನ್ನ ಕೈ ಕಾಣಲಿಲ್ಲ.

"ಅವ್ವಗೂ ಹಿಂಗ ಆಗಿತ್ತೇನು?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ಗೊತ್ತಿಲ್ಲಣ್ಣ. ಆಕೀನ ಯಾವ ಡಾಕ್ಟರೂ ನೋಡಿರಲಿಲ್ಲ."

ಅವನು ಎದ್ದು ಮಷೀನಿನ ಮೇಲೆ ಬಟ್ಟೆ ಹೊದಿಸಿದ. "ಬಿಜಾಪುರಕ್ಕ ಮುಂಜಾನಿ ಮೊದಲನೇ ಬಸ್ ಐತಿ" ಎಂದ.

ಸೊಲ್ಲಾಪುರದಲ್ಲಿ ಅದೇ ಡಾಕ್ಟರು ಅವನನ್ನು ಮಲಗಿಸಿ ಅಳೆದರು. ಅಣ್ಣನ ಒತ್ತಡ ನಲವತ್ತು ದಾಟಿತ್ತು. ಕಪ್ಪು ಬಟ್ಟೆಯ ಮುಂದೆ ಅವನಿಗೆ ಕಂಡದ್ದು ನಡುವಿನ ಒಂದು ಹಿಡಿಯಷ್ಟು ಜಾಗ ಮಾತ್ರ. ಬಲಗಣ್ಣಿನಲ್ಲಿ ಮೋತಿಬಿಂದು ಇರಲಿಲ್ಲ, ಆ ನರ ಪೂರ್ತಿ ಒಣಗಿಹೋಗಿತ್ತು. ಡಾಕ್ಟರು ಮುಚ್ಚಿಡದೆ ಹೇಳಿದರು, "ಹೋದ ಕಣ್ಣು ತರಾಕ ನನ್ನ ಕಡೆ ಔಷಧ ಇಲ್ಲ. ಇದ್ದದ್ದನ್ನ ಉಳಿಸಾಕ ನೋಡತೇನಿ."

ಗುಳಿಗೆ ಕೊಟ್ಟರು, ಹನಿ ಹಾಕಿದರು. ಗುಳಿಗೆಯಿಂದ ಅಣ್ಣನ ಬೆರಳು ಜುಮುಜುಮು ಅನ್ನುತ್ತಿದ್ದವು, ಹನಿಯಿಂದ ಹುಬ್ಬು ನೋಯುತ್ತಿತ್ತು, ಇದ್ದ ಬೆಳಕೂ ಮಸುಕಾಗುತ್ತಿತ್ತು. "ಇನ್ನೂ ಕುರುಡ ಮಾಡಾಕತ್ತಾರ" ಎಂದು ಅವನು ಒದ್ದಾಡಿದ. ಸಮಾಧಾನ ಹೇಳುವ ಧೈರ್ಯ ನನಗೂ ಇರಲಿಲ್ಲ. ಒತ್ತಡ ಇಳಿಯಿತು, ಆದರೆ ಸಾಕಾಗುವಷ್ಟು ಇಳಿಯಲಿಲ್ಲ. ಕಣ್ಣಿನ ನೀರು ಹರಿದು ಹೋಗಲು ದಾರಿ ಮಾಡುವ ಆಪರೇಷನ್ ಮಾಡಬೇಕು ಎಂದರು. ಅದೂ ಇದ್ದ ಒಂದೇ ಕಣ್ಣಿಗೆ.

ವೈನಿ ನನ್ನನ್ನು ಮೂಲೆಗೆ ಕರೆದು, "ಕಾಣೂ ಕಣ್ಣಿಗೆ ಚಾಕು ಹಚ್ಚಸ್ತೀಯೇನು? ಏನರೆ ಆದ್ರ ನನ್ನ ಮುಂದ ನೀ ಏನಂತ ನಿಂದರತಿ?" ಎಂದಳು. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಕರೆತಂದವಳು ನಾನು. ಆ ರಟ್ಟಿನ ಮೇಲಿನ ಅಂಕಿಗಳನ್ನು ನಂಬಿದವಳು ನಾನು. ಅವನು ಮನೆಯಲ್ಲೇ ಇದ್ದಿದ್ದರೆ ಇನ್ನಷ್ಟು ದಿನ ಸೂಜಿ ಪೋಣಿಸಿಕೊಂಡು ಇರುತ್ತಿದ್ದ.

ಆಪರೇಷನ್ನಿನ ದಿನ ನಮ್ಮ ಮನೆಯವರು ಸಿಂದಗಿಯಿಂದ ಬಂದರು. ಅಣ್ಣನನ್ನು ಒಳಗೆ ಒಯ್ದ ಮೇಲೆ ನಾನು ವರಾಂಡದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ಅಂಗೈಯಲ್ಲಿ ಲಿಂಗವಿಟ್ಟುಕೊಂಡೆ. ಬೇಡಲು ಮಾತೇ ಬರಲಿಲ್ಲ. ಮಂತ್ರವೂ ನಡುನಡುವೆ ಮರೆಯುತ್ತಿತ್ತು. ಒಳಗಿನಿಂದ ಯಾರಾದರೂ ಬಾಗಿಲು ತೆರೆದರೆ ತಿರುಗಿ ನೋಡುತ್ತಿದ್ದೆ. ಬಸವಣ್ಣಾ, ಇವಳು ಕರೆತಂದಳು ಎಂದು ಮಂದಿ ನನ್ನನ್ನು ತೋರಿಸುವ ಹಾಗೆ ಮಾಡಬೇಡ ಎಂದಷ್ಟೇ ಮನಸ್ಸಿಗೆ ಬರುತ್ತಿತ್ತು. ಅದು ಪ್ರಾರ್ಥನೆಯೋ ಅಂಜಿಕೆಯೋ ನನಗೇ ತಿಳಿಯಲಿಲ್ಲ. ಆದರೆ ಅದನ್ನೂ ಬಸವಣ್ಣ ಕೇಳಿಸಿಕೊಂಡ.

ಪಟ್ಟಿ ಬಿಚ್ಚುವ ದಿನ ನಾವೆಲ್ಲ ಮಂಚದ ಸುತ್ತ ನಿಂತೆವು. ಡಾಕ್ಟರು ಹತ್ತಿ ತೆಗೆದು, ಕಣ್ಣು ಒರೆಸಿ, ನಿಧಾನ ತೆರೆಯಲು ಹೇಳಿದರು. ಅಣ್ಣ ತೆರೆದ. ನೀರು ಸುರಿಯುತ್ತಿತ್ತು. ಬಹಳ ಹೊತ್ತು ನೋಡಿದ.

"ಏನ ಕಾಣಸ್ತೈತಿ ಗುರಪ್ಪ?" ಎಂದರು ಡಾಕ್ಟರು.

"ಮಂಜು ಮಂಜು... ಮೊದಲಿನಷ್ಟ ಕಾಣಸ್ತೈತ್ರಿ." ಅವನ ದನಿ ಬಿದ್ದುಹೋಯಿತು. "ಹೆಚ್ಚಿಗಿ ಏನೂ ಇಲ್ಲ."

ವೈನಿ ಸೆರಗು ಬಾಯಿಗಿಟ್ಟುಕೊಂಡಳು. ಡಾಕ್ಟರು ಮಾತ್ರ ನಗುತ್ತಿದ್ದರು. "ಮೊದಲಿನಷ್ಟ ಕಾಣಸಬೇಕಂತ ಇಷ್ಟೆಲ್ಲಾ ಮಾಡಿದ್ದು. ಮಂಜು ಹೋಗತೈತಿ. ಇವತ್ತು ಕಂಡಷ್ಟು ಇನ್ನ ಹತ್ತು ವರ್ಷಕ್ಕೂ ಕಾಣಬೇಕು, ಅದು ನಮ್ಮ ಕೆಲಸ." ಕೆಲವು ದಿನ ಬಿಟ್ಟು ಅಳೆದಾಗ ಅಣ್ಣನ ಒತ್ತಡ ನನ್ನದಕ್ಕಿಂತಲೂ ಕೆಳಗೆ ಬಂದಿತ್ತು. ಆ ಅಂಕಿ ಕೇಳಿ ನಮ್ಮ ಮನೆಯವರು ಆಸ್ಪತ್ರೆಯ ಓಣಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದರು.

ನೀವು ಕೇಳಬಹುದು, ಒಂದು ಕಣ್ಣು ಹೋಗಿಯೇ ಬಿಟ್ಟಿತಲ್ಲ, ಇದರಲ್ಲಿ ಬಸವಣ್ಣನ ಕೃಪೆ ಎಲ್ಲಿದೆ ಎಂದು. ನಾನೂ ಅದನ್ನು ಬಹಳ ಯೋಚಿಸಿದ್ದೇನೆ. ನನ್ನ ಒತ್ತಡ ಸರಿಯಾಗಿದ್ದರೆ ಚೀಟಿ ಸಿಗುತ್ತಿರಲಿಲ್ಲ. ಚೀಟಿ ಸಿಗದಿದ್ದರೆ ಒಡಹುಟ್ಟಿದವರು ಯಾರೆಂದು ಆ ಡಾಕ್ಟರು ಕೇಳುತ್ತಿರಲಿಲ್ಲ. ನಾನು ಯಾವುದನ್ನು ತೆಗೆದುಬಿಡಪ್ಪಾ ಎಂದು ಅತ್ತೆನೋ, ಅದೇ ಅಣ್ಣನನ್ನು ಕತ್ತಲೆಯ ಬಾಗಿಲಿನಿಂದ ಹಿಂದಕ್ಕೆ ಕರೆತಂದಿತು. ನಾನು ಬೇಡಿದ್ದು ನನಗಾಗಿ. ಅವನು ಕೊಟ್ಟದ್ದು ನಮ್ಮಿಬ್ಬರಿಗೂ.

ನಾನು ಈಗಲೂ ಕೆಲವು ತಿಂಗಳಿಗೊಮ್ಮೆ ಸೊಲ್ಲಾಪುರಕ್ಕೆ ಹೋಗಿ ಬರುತ್ತೇನೆ. ಒಮ್ಮೆ ಅಂಕಿ ಇಳಿದಿರುತ್ತದೆ, ಒಮ್ಮೆ ಏರಿರುತ್ತದೆ. ನರ ಇನ್ನೂ ಚೆನ್ನಾಗಿದೆ. ಆ ಬೆಂಚಿನ ಮೇಲೆ ಮಲಗಿದಾಗಲೆಲ್ಲ ಎದೆ ಬಡಿದುಕೊಳ್ಳುತ್ತದೆ, ಅದು ಹೋಗಿಲ್ಲ. ಆದರೆ ಹೋಗುವುದನ್ನು ತಪ್ಪಿಸಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರ ಕಣ್ಣು ಸದ್ದಿಲ್ಲದೆ ಹೋಗಿದ್ದರೆ ಅದನ್ನು ಶಾಪ, ಪಾಪ ಎಂದು ಬಿಡಬೇಡಿರಿ. ದೇವರ ಮುಂದೆ ಕೈ ಮುಗಿಯಿರಿ, ಕೈ ಮುಗಿದ ಮೇಲೆ ಹೋಗಿ ಅಳೆಸಿರಿ. ಎರಡೂ ಒಂದೇ ದಾರಿ ಎಂದು ನನಗೆ ಅವನು ತೋರಿಸಿದ್ದಾನೆ.

ಆ ವರ್ಷದ ಬಸವ ಜಯಂತಿಗೆ ನಾವು ನಾಲ್ವರೂ ಬಾಗೇವಾಡಿಗೆ ಹೋದೆವು. ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನರ ನೂಕಾಟದಲ್ಲಿ ಅಣ್ಣನ ಕೈ ನನ್ನ ಕೈಯಿಂದ ಜಾರಿತು, ಒಂದು ಗಳಿಗೆ ಅವನು ಎಲ್ಲಿಯೂ ಕಾಣದೆ ನನ್ನ ಜೀವ ಹಾರಿಹೋದಂತಾಯಿತು. ಮಂದಿಯನ್ನು ಸರಿಸಿಕೊಂಡು ಹೋಗಿ ನೋಡಿದರೆ ಕಂಬದ ಮಗ್ಗುಲಲ್ಲಿ ಅಲುಗದೆ ನಿಂತಿದ್ದ. ಡಾಕ್ಟರು ಕಲಿಸಿಕೊಟ್ಟ ಹಾಗೆ ಕುತ್ತಿಗೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನ ತಿರುಗಿಸುತ್ತ ಹುಡುಕುತ್ತಿದ್ದ. ಮೊದಲು ವೈನಿಯ ಮುಖ ಸಿಕ್ಕಿತು. ಅಲ್ಲಿ ನಿಂತು ನೋಡಿದ. ಮತ್ತಷ್ಟು ತಿರುಗಿ ನಮ್ಮ ಮನೆಯವರನ್ನು ಕಂಡ. ಕಡೆಗೆ ನನ್ನ ಕಡೆ ಬಂದ.

"ಎಲ್ಲಾರೂ ಅದೀರಿ" ಎಂದ.

ಹೌದಣ್ಣ, ಎಲ್ಲರೂ ಇದ್ದೇವೆ. ಹಾಗೆ ಇರಿಸಿದವನಿಗೆ ನನ್ನ ಶರಣು.